ವೇಷ ಕಳಚಿದರೂ ಆಟ ಮುಗಿಯದಾಗ: ಒಬ್ಬ ಯಕ್ಷಗಾನ ಕಲಾವಿದರ ಪ್ರಕರಣ

ಇದು ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಒಬ್ಬ ವೃತ್ತಿ ಕಲಾವಿದರ ಪ್ರಕರಣ. ಎರಡು ತಿರುಗಾಟಗಳ, ಅಂದರೆ ಮೇಳ ಊರೂರು ಸುತ್ತಿ ಆಟ ಆಡುವ ಎರಡು ಋತುಗಳ, ಅವಧಿಯಲ್ಲಿ ನಡೆದದ್ದು. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರಿಗೂ ಅವರ ಹೆಂಡತಿಗೂ ಓದಿ ಹೇಳಿದ್ದೇನೆ. ಗುರುತು ಸಿಗಬಾರದು ಎಂದು ವಯಸ್ಸು, ಊರು ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹೇಳುವುದಿಲ್ಲ, ಕಲಾವಿದರು ಎಂದೇ ಕರೆಯುತ್ತೇನೆ.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಆಪ್ತಸಮಾಲೋಚನೆಯ ತರಬೇತಿ ಆಗಿದೆ. ಬಿಡುವಿದ್ದಾಗ ಹವ್ಯಾಸಿ ತಂಡವೊಂದಕ್ಕೆ ಮದ್ದಳೆ ಬಾರಿಸುತ್ತೇನೆ. ಅವರು ನನ್ನನ್ನು ಹುಡುಕಿಕೊಂಡು ಬಂದದ್ದು ಮದ್ದಳೆಯ ಕಾರಣಕ್ಕೆ. "ನಿಮಗೆ ಚೌಕಿ ಗೊತ್ತುಂಟಲ್ಲ ಮಾಷ್ಟ್ರೇ, ಮೊದಲಿಂದ ಬಿಡಿಸಿ ಹೇಳುದು ಬೇಡ" ಎಂದರು. ಚೌಕಿ ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ.

ಹಿನ್ನೆಲೆ

ಕಲಾವಿದರಿಗೆ ಆಗ 35ರ ಆಸುಪಾಸು. ಹೈಸ್ಕೂಲು ಮುಗಿಸಿದ್ದೇ ಮೇಳ ಸೇರಿದವರು. ಆಟದ ಆರಂಭದ ಬಾಲಗೋಪಾಲ ಕುಣಿದು, ಸಣ್ಣಪುಟ್ಟ ವೇಷ ಮಾಡಿ, ಮೆಲ್ಲಮೆಲ್ಲ ಪುಂಡುವೇಷಕ್ಕೆ ಏರಿದವರು. ಪುಂಡುವೇಷ ಅಂದರೆ ಅಭಿಮನ್ಯು, ಬಬ್ರುವಾಹನನಂಥ ಹರೆಯದ ವೀರರ ಪಾತ್ರ. ತೆಂಕಿನಲ್ಲಿ ಅದರ ಆಕರ್ಷಣೆ ಧೀಂಗಿಣ. ಗಾಳಿಯಲ್ಲಿ ಹಾರಿ ಸುತ್ತುವ ಆ ಕುಣಿತ ಶುರುವಾದರೆ ಸಭೆಯಲ್ಲಿ ಎಣಿಸುವವರೂ ಶುರು ಮಾಡುತ್ತಾರೆ. ಎಷ್ಟು ಹೊಡೆದರು ಎನ್ನುವುದು ಮರುದಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಮಾತಿನ ವಿಷಯ. ಹದಿನೈದು ವರ್ಷ ಇವರ ಹೆಸರು ನಿಂತಿದ್ದು ಆ ಎಣಿಕೆಯ ಮೇಲೆ.

ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಮುಗಿಯುವುದು ಪತ್ತನಾಜೆಗೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ ಅದು, ಮೇ 24ರ ಸುಮಾರಿಗೆ ಬರುತ್ತದೆ. ಆರು ತಿಂಗಳು, ಹೆಚ್ಚುಕಡಿಮೆ ದಿನಕ್ಕೊಂದು ಆಟ. ದಿನಾ ಹೊಸ ಊರು, ಹೊಸ ಸಭೆ. ಪದ್ಯ ಕವಿ ಬರೆದದ್ದು, ಆದರೆ ಅದಕ್ಕೆ ಹೇಳುವ ಅರ್ಥ ಕಲಾವಿದರದ್ದೇ. ಅಲ್ಲಿಯೇ, ಆ ಕ್ಷಣಕ್ಕೇ ಹುಟ್ಟಬೇಕು. ಹಾಗಾಗಿ ಕಾಲು ಮಾತ್ರ ಅಲ್ಲ, ತಲೆಯೂ ರಾತ್ರಿಯಿಡೀ ಓಡುತ್ತಿರುತ್ತದೆ.

ಒಂದು ಬದಲಾವಣೆಯನ್ನು ಇಲ್ಲೇ ಹೇಳಬೇಕು, ಮುಂದಿನದ್ದಕ್ಕೆಲ್ಲ ಅದು ಬೇಕಾಗುತ್ತದೆ. ಮೊದಲು ಇವರ ಮೇಳದ ಆಟ ಬೆಳಗಿನವರೆಗೆ ಇತ್ತು. ಆಟ ಮುಗಿಸುವ ಮಂಗಳ ಹಾಡುವಾಗ ಪೂರ್ವದಲ್ಲಿ ಬೆಳಕು. ಗೆಜ್ಜೆ ಬಿಚ್ಚಿ, ಚಾ ಕುಡಿದು, ಬಸ್ಸಿನಲ್ಲಿ ಕೂತರೆ ಸಾಕು, ನಿದ್ದೆ ತಾನೇ ಬಂದು ಬೀಳುತ್ತಿತ್ತು. ಅಕ್ಕಪಕ್ಕ ಹತ್ತು ಜನ, ಯಾರದೋ ನಗು, ಯಾರದೋ ಗೊರಕೆ. ಆಮೇಲೆ ಮೇಳ ಕಾಲಮಿತಿಗೆ, ಅಂದರೆ ಮಧ್ಯರಾತ್ರಿಯ ಹೊತ್ತಿಗೇ ಮುಗಿಸುವ ಆಟಕ್ಕೆ, ಬಂತು. ಹನ್ನೆರಡೂವರೆಗೆ ಮಂಗಳ, ಎರಡು ಗಂಟೆಗೆ ಮನೆ. ಮನೆಯವರೆಲ್ಲ ಮಲಗಿರುತ್ತಾರೆ. ಕಿವಿಯಲ್ಲಿ ಇನ್ನೂ ಚೆಂಡೆ. ಕಾಲಮಿತಿ ಆರೋಗ್ಯಕ್ಕೆ ಒಳ್ಳೆಯದು ಎಂದು ನಾವೆಲ್ಲ ಹೇಳಿದ್ದೆವು, ಬಹಳ ಜನರಿಗೆ ಹೌದು ಕೂಡ. ಇವರಿಗೆ ಮಾತ್ರ ಅದು ರಾತ್ರಿ ಎರಡರಿಂದ ಐದರವರೆಗೆ ಒಂಟಿಯಾಗಿ ಎಚ್ಚರ ಇರುವ ಮೂರು ಗಂಟೆಗಳನ್ನು ಕೊಟ್ಟಿತು.

ನಲವತ್ತು ಸೆಕೆಂಡು

ಒಂದು ಜನವರಿಯ ರಾತ್ರಿ ಅಭಿಮನ್ಯು. ಚಕ್ರವ್ಯೂಹಕ್ಕೆ ನುಗ್ಗುವ ಜಾಗದಲ್ಲಿ ಧೀಂಗಿಣ ಹೊಡೆಯುವಾಗ ಎಡಗಾಲು ಜಾರಿತು. ಬಿದ್ದರು ಅನ್ನುವಂತಿಲ್ಲ, ಮಂಡಿ ಊರಿ ಎದ್ದರು. ಅಷ್ಟೇ ಆಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಆದರೆ ಎದ್ದು ನಿಂತಾಗ ಮಾತು ಹೊರಡಲಿಲ್ಲ. ತಲೆ ಖಾಲಿ. ಹಾಡುವ ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಸಮಯ ಕೊಟ್ಟರು. ಮಾತು ಬಂತು, ಆಟ ಮುಂದುವರಿಯಿತು.

ಸಭೆಯಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದಿದ್ದರು. ನಲವತ್ತು ಸೆಕೆಂಡಿನ ತುಂಡು. ಅದರ ಕೆಳಗೆ ಒಂದು ಸಾಲು: "ಇವರ ಕಾಲ ಮುಗಿಯಿತು." ಮರುದಿನ ಮಧ್ಯಾಹ್ನ ಎದ್ದಾಗ ಒಂಬತ್ತು ವಾಟ್ಸಾಪ್ ಗುಂಪುಗಳಲ್ಲಿ ಅದು ಬಂದಿತ್ತು. ಒಂದು ಗುಂಪು ಅವರದೇ ಊರಿನ ಹಳೆ ವಿದ್ಯಾರ್ಥಿಗಳದ್ದು.

ಅಲ್ಲಿಂದ ಎರಡು ತಿಂಗಳು ಹೇಗಿತ್ತು ಎಂದು ಅವರು ನನಗೆ ಹೇಳಿದ್ದು ಹೀಗೆ. ಬಣ್ಣ ಹಾಕಲು ಕೂತಾಗಲೇ ಹೊಟ್ಟೆಯಲ್ಲಿ ಕಲಸಿದ ಹಾಗೆ. ರಂಗಸ್ಥಳಕ್ಕೆ ಹೋದರೆ ಸಭೆಯಲ್ಲಿ ಮೊದಲು ಕಾಣುವುದು ಎತ್ತಿ ಹಿಡಿದ ಮೊಬೈಲುಗಳು. ಆಟ ಮುಗಿದದ್ದೇ ಎಡಗೈಯಲ್ಲಿ ಮುಖಕ್ಕೆ ಎಣ್ಣೆ, ಬಲಗೈಯಲ್ಲಿ ಮೊಬೈಲು. ಇವತ್ತಿನದ್ದು ಯಾರಾದರೂ ಹಾಕಿದ್ದಾರಾ? ಮನೆಗೆ ಬಂದು ಮಲಗಿದರೆ ಆ ನಲವತ್ತು ಸೆಕೆಂಡು ತಲೆಯಲ್ಲಿ ಮತ್ತೆ ಮತ್ತೆ. "ಭಾಗವತರು ಪದ್ಯ ಎತ್ತಿಕೊಟ್ಟದ್ದೂ ಕೇಳ್ತದೆ ಮಾಷ್ಟ್ರೇ. ಅವರ ಸ್ವರದಲ್ಲಿ ಪಾಪ ಅಂತ ಇತ್ತಾ ಅಂತ ಹುಡುಕ್ತೇನೆ."

ಏನೇನು ಮಾಡಿ ನೋಡಿದರು

ನನ್ನ ಹತ್ತಿರ ಬರುವ ಮೊದಲೇ ಅವರು ನಾಲ್ಕು ದಾರಿ ಹಿಡಿದಿದ್ದರು. ಮೊದಲನೆಯದು ಎಲ್ಲರೂ ಕೊಡುವ ಸಲಹೆ: ತಲೆಗೆ ಹಾಕ್ಕೊಳ್ಬೇಡಿ. ಪ್ರಯತ್ನಪಟ್ಟರು. ನೆನಪಿಸಿಕೊಳ್ಳಬಾರದು ಎಂದಷ್ಟೂ ಅದು ಜಾಸ್ತಿ ಬಂತು. ಎರಡನೆಯದು, ಉತ್ತರ ಕೊಡುವುದು. ರಂಗದಲ್ಲಿ ಮೊದಲಿಗಿಂತ ಹೆಚ್ಚು ಧೀಂಗಿಣ ಹೊಡೆದರು. ಚಪ್ಪಾಳೆ ಬಂತು, ಮಂಡಿ ಊದಿತು. ಮೂರನೆಯದು, ವಾಟ್ಸಾಪ್ ತೆಗೆದುಹಾಕಿದ್ದು. ಆಟದ ಜಾಗ, ವಾಹನದ ಸಮಯ ಎಲ್ಲ ಬರುವುದು ಅದರಲ್ಲೇ ಆದ್ದರಿಂದ ನಾಲ್ಕನೇ ದಿನಕ್ಕೆ ಮತ್ತೆ ಹಾಕಿಸಿಕೊಂಡರು.

ನಾಲ್ಕನೆಯದನ್ನು ಅವರು ನನಗೆ ಮೂರನೇ ಭೇಟಿಯಲ್ಲಿ, ತಲೆ ತಗ್ಗಿಸಿ ಹೇಳಿದರು. ನಿದ್ದೆಗೆ ಅಂತ ರಾತ್ರಿ ಸ್ವಲ್ಪ ಕುಡಿಯಲು ಶುರು ಮಾಡಿದ್ದರು. ಬೇಗ ನಿದ್ದೆ ಹತ್ತುತ್ತಿತ್ತು, ಎರಡು ತಾಸಿಗೆ ಎಚ್ಚರ ಆಗುತ್ತಿತ್ತು. ಮದ್ಯದ ಸ್ವಭಾವವೇ ಅದು. ನಿದ್ದೆ ಬರಿಸುತ್ತದೆ, ಆಮೇಲಿನ ಅರ್ಧ ನಿದ್ದೆಯನ್ನು ಹರಿದುಹಾಕುತ್ತದೆ. ನಾನು ಬೈಯಲಿಲ್ಲ. ವೈದ್ಯರನ್ನು ನೋಡಲೇಬೇಕು ಎಂದೆ. "ಹುಚ್ಚಿನ ಡಾಕ್ಟ್ರಾ?" ಎಂದು ಕೇಳಿದರು. "ಮಂಡಿಗೆ ಮಂಡಿ ಡಾಕ್ಟ್ರು, ನಿದ್ದೆಗೆ ಇವರು" ಎಂದೆ. ಹೆಂಡತಿ ಜೊತೆಗೆ ಹೋದರು. ಮಂಗಳೂರಿನ ಮನೋವೈದ್ಯರು ಪರೀಕ್ಷೆ ಮಾಡಿ ಕುಡಿತ ನಿಲ್ಲಿಸಲು ನೆರವಾದರು, ತಿಂಗಳಿಗೊಮ್ಮೆ ಬರಲು ಹೇಳಿದರು. ಮುಂದೆ ನಾನು ಹೇಳುವುದೆಲ್ಲ ಈ ವೈದ್ಯಕೀಯ ನೆರವಿನ ಜೊತೆಜೊತೆಗೆ ನಡೆದದ್ದು, ಅದನ್ನು ಬಿಟ್ಟು ಅಲ್ಲ. ಹತ್ತಿರ ಮನೋವೈದ್ಯರಿಲ್ಲದ ಊರಿನವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಮನೆಗೆ ಬರುವವರಿಗೆ ಇದು ಗೊತ್ತಿರಬೇಕು.

ನನ್ನ ಎರಡು ತಪ್ಪು

ಮೊದಲ ತಪ್ಪು ಆ ವಿಡಿಯೋದ್ದು. ನೋಡಿ ನೋಡಿ ಹೆದರಿಕೆ ಕಡಿಮೆಯಾಗಲಿ ಎಂಬ ಲೆಕ್ಕದಲ್ಲಿ ಇಬ್ಬರೂ ಕೂತು ನೋಡಿದೆವು. ಅವರು ಮೊದಲೇ ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದರು. ನಾನು ಇಪ್ಪತ್ತೊಂದನೆಯದನ್ನು ಸೇರಿಸಿದೆ, ಅಷ್ಟೇ. ಅದಲ್ಲದೆ ನಾನೂ ಮದ್ದಳೆಗಾರ. ಕಾಲು ಯಾಕೆ ಜಾರಿತು, ತಾಳ ಎಲ್ಲಿ ತಪ್ಪಿತು ಎಂದು ಮಾತಾಡತೊಡಗಿದೆ. ಅವರ ಮುಖ ಸಣ್ಣದಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಮಾಧಾನ ಹುಡುಕಿ ಬಂದವರಿಗೆ ಇನ್ನೊಬ್ಬ ವಿಮರ್ಶಕ ಸಿಕ್ಕಿದ ಹಾಗಾಯಿತು. ಆ ವಾರ ಅವರು ಮೂರು ರಾತ್ರಿ ಸರಿಯಾಗಿ ಮಲಗಲಿಲ್ಲ.

ಎರಡನೆಯದು ನೋಟ್‌ಬುಕ್ಕು. ಮನಸ್ಸಿನಲ್ಲಿರುವುದನ್ನು ಬರೆಯುವುದರಿಂದ ಹಗುರಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಬಗ್ಗೆ ಬರೆದಿದ್ದರು. ನಡೆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅದೇ ನಂಬಿಕೆಯಿಂದ ನಾನು ಇವರಿಗೆ ಒಂದು ನೂರು ಪುಟದ ಪುಸ್ತಕ ತಂದುಕೊಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಮೊದಲ ಪುಟದಲ್ಲಿ ತಾರೀಕು, ಅದರ ಕೆಳಗೆ "ಇವತ್ತು ಬೇಜಾರು". ಮುಂದೆಲ್ಲ ಬಿಳಿ.

"ಬರೆದ್ರೆ ಶಾಲೆಯ ಹಾಗೆ ಆಗ್ತದೆ ಮಾಷ್ಟ್ರೇ. ನನಗೆ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರುದಿಲ್ಲ."

ಇದನ್ನು ನಾನು ಮೊದಲ ದಿನವೇ ಯೋಚಿಸಬೇಕಿತ್ತು. ನಿಂತ ನಿಲುವಿನಲ್ಲಿ ಅರ್ಧ ಗಂಟೆ ಮಾತು ಕಟ್ಟುವವರಿಗೆ ನಾನು ಪೆನ್ನು ಕೊಟ್ಟಿದ್ದೆ.

ತಿರುವು: ಎದುರು ಕೂತ ಅರ್ಥಧಾರಿ

ತಾಳಮದ್ದಳೆ ಗೊತ್ತಿರುವವರಿಗೆ ಮುಂದಿನದ್ದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಪ್ರಸಂಗ ನಡೆಸುತ್ತಾರೆ. ಕರ್ಣನ ಅರ್ಥ ಹೇಳುವವರು ಎದುರಿನ ಕೃಷ್ಣನ ಮಾತನ್ನು ಪೂರ್ತಿ ಕೇಳುತ್ತಾರೆ, ಆಮೇಲೆ ಉತ್ತರಿಸುತ್ತಾರೆ. ಎಷ್ಟು ಖಾರ ಮಾತಾಡಿದರೂ ಅದು ಎದುರಿನವರ ಮಾತು. ತನ್ನದಲ್ಲ. ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ.

ನಾನು ಕೇಳಿದೆ: "ರಾತ್ರಿ ನಿಮಗೆ ಬರುವ ಆ ಮಾತು ಇದೆಯಲ್ಲ, ನಿಮ್ಮ ಕಾಲ ಮುಗಿಯಿತು ಅಂತ. ಅದು ಎದುರು ಕೂತ ಅರ್ಥಧಾರಿ ಅಂತ ಇಟ್ಟುಕೊಳ್ಳಿ. ಯಾವ ಪಾತ್ರ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಶಲ್ಯ" ಎಂದರು.

ನನಗೆ ಮೈ ಜುಮ್ಮೆಂದಿತು. ಶಲ್ಯ ಕರ್ಣನ ಶತ್ರು ಪಕ್ಷದವನಲ್ಲ. ಅವನದೇ ರಥದಲ್ಲಿ ಕೂತ ಸಾರಥಿ. ಕುದುರೆ ಹೊಡೆಯುತ್ತಲೇ ಕರ್ಣನ ಧೈರ್ಯ ಕೆಡಿಸುವವನು. ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಸರಿಯಾದ ಹೋಲಿಕೆ ಕೊಟ್ಟಿರಲಿಲ್ಲ.

ಆ ದಿನ ನನ್ನ ಮನೆಯ ಜಗಲಿಯಲ್ಲಿ ಅವರು ಇಪ್ಪತ್ತು ನಿಮಿಷ ಇಬ್ಬರ ಅರ್ಥವನ್ನೂ ಹೇಳಿದರು. ಮೊದಲು ಶಲ್ಯ. ಮಂಡಿಯ ಬಗ್ಗೆ, ವಯಸ್ಸಿನ ಬಗ್ಗೆ, ಹೊಸದಾಗಿ ಬಂದ ಹುಡುಗರ ಬಗ್ಗೆ, ಎಲ್ಲವನ್ನೂ ಹೇಳಿಸಿದರು. ಆಮೇಲೆ ಉತ್ತರ. ಉತ್ತರದಲ್ಲಿ ಅವರು ಶಲ್ಯನನ್ನು ಸೋಲಿಸಲು ಹೋಗಲಿಲ್ಲ, ಇದು ನನಗೆ ಆಶ್ಚರ್ಯ. "ನೀನು ಹೇಳಿದ್ದರಲ್ಲಿ ಮಂಡಿಯ ಮಾತು ನಿಜ. ಕಾಲ ಮುಗಿದ ಮಾತು ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ರಥ ನಡೆಸು" ಎಂದು ನಿಲ್ಲಿಸಿದರು.

ಇದಕ್ಕೆ ನಾವು ಸಮಯ ಗೊತ್ತು ಮಾಡಿದೆವು. ಸಂಜೆ ನಾಲ್ಕು ಗಂಟೆಗೆ, ಮೇಳಕ್ಕೆ ಹೊರಡುವ ಮೊದಲು, ಮನೆಯ ಹಿಂದಿನ ಅಡಿಕೆ ತೋಟದಲ್ಲಿ, ಅರ್ಧ ಗಂಟೆ. ಚಿಂತೆಗೆ ದಿನಾ ಒಂದೇ ಹೊತ್ತು, ಒಂದೇ ಜಾಗ ಕೊಟ್ಟು, ಬೇರೆ ಹೊತ್ತಿಗೆ ಬಂದರೆ ಅಲ್ಲಿಗೆ ಮುಂದೂಡುವ ಈ ವಿಧಾನವನ್ನು ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಪರೀಕ್ಷಿಸಿದ್ದರು. ರಾತ್ರಿ ಎರಡಕ್ಕೆ ಶಲ್ಯ ಬಂದರೆ ಇವರು ಹೇಳಬೇಕಾದದ್ದು ಒಂದೇ: "ನಾಳೆ ನಾಲ್ಕಕ್ಕೆ." ಮೊದಲ ವಾರ ಹೇಳಿದ್ದನ್ನು ಶಲ್ಯ ಕೇಳಲಿಲ್ಲ. ಮೂರನೇ ವಾರದ ಹೊತ್ತಿಗೆ ಕೆಲವು ರಾತ್ರಿ ಕೇಳತೊಡಗಿದ. ನಾಲ್ಕು ಗಂಟೆಗೆ ತೋಟದಲ್ಲಿ ಕಾದು ನಿಂತರೆ ಎಷ್ಟೋ ಸಲ ಅವನಿಗೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ.

ಪಾತ್ರೆ ತೊಳೆಯುವುದು

ಸಂಜೆಯದ್ದು ಸರಿಯಾಯಿತು. ಚೌಕಿಯದ್ದು ಬಾಕಿ. ಎಡಗೈಯ ಎಣ್ಣೆ, ಬಲಗೈಯ ಮೊಬೈಲು ಹಾಗೇ ಇತ್ತು.

ಇದಕ್ಕೆ ದಾರಿ ತೋರಿಸಿದ್ದು ನಾನಲ್ಲ, ಅವರ ಗುರುಗಳು. ಮೇಳ ಬಿಟ್ಟು ಮನೆಯಲ್ಲಿರುವ ಹಿರಿಯರು. ವಿಡಿಯೋದ ಸುದ್ದಿ ಅವರಿಗೂ ಮುಟ್ಟಿತ್ತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆಟ ಮುಗಿದ ಮೇಲೆ ಬಣ್ಣ ಹೇಗೆ ತೆಗೀತಿ?" ಎಂದು ಕೇಳಿದರಂತೆ. ಇವರು ಹೇಳಿದರು. ಅದಕ್ಕೆ ಗುರುಗಳು, "ಪಾಯಸದ ರುಚಿ ಉಣ್ಣುವವರಿಗೆ, ಪಾತ್ರೆಗೆ ಅಲ್ಲ. ಆದ್ರೆ ಪಾತ್ರೆ ತೊಳೆಯದೆ ಇಟ್ರೆ ಹುಳಿ ಬರ್ತದೆ ಮಗಾ" ಎಂದರಂತೆ.

ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದೇ ಹೋಲಿಕೆ ಕೊಟ್ಟಿದ್ದಾನೆ. ನಟನನ್ನು ಪಾತ್ರ ಎನ್ನುವುದೇ ಅದಕ್ಕೆ: ಪಾತ್ರೆ ಮದ್ಯದ ರುಚಿ ನೋಡುವುದಿಲ್ಲ, ರುಚಿ ನೋಡಲು ಅದು ಸಾಧನ. ಗುರುಗಳು ಅದನ್ನು ಓದಿದವರಲ್ಲ. ತೊಳೆಯುವ ಮಾತಂತೂ ಅವರದೇ, ಐವತ್ತು ವರ್ಷ ಚೌಕಿಯಲ್ಲಿ ಕೂತವರ ಮಾತು.

ಆಮೇಲೆ ಒಂದು ರಾತ್ರಿ ನಾನು ಅವರ ಜೊತೆ ಚೌಕಿಯಲ್ಲಿ ಕೂತಿದ್ದೆ. ಮೊಬೈಲನ್ನು ವ್ಯಾನಿನ ಚಾಲಕರ ಕೈಗೆ ಕೊಟ್ಟಾಗಿತ್ತು, ಬೆಳಿಗ್ಗೆ ಕೊಡಿ ಎಂದು. ಕಿರೀಟ ಇಳಿಸಿದರು. ಗೆಜ್ಜೆ ಬಿಚ್ಚಿದರು, ಒಂದು ಕಾಲಿನದ್ದು ಪೂರ್ತಿ ಬಿಚ್ಚಿ, ಸುತ್ತಿ ಇಟ್ಟು, ಆಮೇಲೆ ಇನ್ನೊಂದು. ಸೊಂಟದ ಕಟ್ಟು ಸಡಿಲಿಸಿದಾಗ ಚರ್ಮದ ಮೇಲೆ ಹಗ್ಗದ ಕೆಂಪು ಗುರುತು. ಅದನ್ನು ಸ್ವಲ್ಪ ಹೊತ್ತು ತಿಕ್ಕಿಕೊಂಡರು. ಕನ್ನಡಿ ಎದುರು ಚಕ್ಕಳಮಕ್ಕಳ ಕೂತು ಅಂಗೈಗೆ ತೆಂಗಿನೆಣ್ಣೆ ಹಾಕಿಕೊಂಡರು. ಹಣೆಯ ನಾಮ ಮೊದಲು ಹೋಯಿತು. ಆಮೇಲೆ ಹುಬ್ಬಿನ ಕಾಡಿಗೆ ಕರಗಿ ಕೆನ್ನೆಯ ಬಣ್ಣಕ್ಕೆ ಸೇರಿ, ಮುಖ ಕೊಂಚ ಹೊತ್ತು ಯಾರದ್ದೂ ಅಲ್ಲದ ಹಾಗೆ ಕಂಡಿತು. ಹಳೆ ಪಂಚೆಯ ತುಂಡಿನಲ್ಲಿ ಒರೆಸಿದರು. ಮತ್ತೆ ಎಣ್ಣೆ, ಮತ್ತೆ ಒರೆಸುವುದು. ಕಿವಿಯ ಹಿಂದೆ, ಗಲ್ಲದ ಕೆಳಗೆ. ಇಪ್ಪತ್ತು ನಿಮಿಷ ಹಿಡಿಯಿತು. ಯಾರ ಹತ್ತಿರವೂ ಮಾತಿಲ್ಲ. ಕೊನೆಗೆ ಕನ್ನಡಿ ಮಗುಚಿ ಪೆಟ್ಟಿಗೆಯಲ್ಲಿಟ್ಟು, ಬಾಯೊಳಗೇ ಮಂಗಳದ ಒಂದು ಸಾಲು ಗುನುಗಿದರು. ರಂಗಸ್ಥಳದಲ್ಲಿ ಭಾಗವತರು ಹಾಡಿದ ಮಂಗಳ ಸಭೆಗೆ, ಇದು ತನಗೆ.

ಅದನ್ನು ಸೇರಿಸಲು ನಾನು ಹೇಳಿರಲಿಲ್ಲ.

ಏನಾಯಿತು

ಸುಧಾರಣೆ ಸೀದಾ ಗೆರೆಯ ಹಾಗೆ ಬರಲಿಲ್ಲ. ಮಾರ್ಚ್ ಕೊನೆಗೆ ಇನ್ನೊಂದು ಆಟದಲ್ಲಿ ಮಾತು ಮತ್ತೆ ತಪ್ಪಿತು. ಆ ರಾತ್ರಿ ಚಾಲಕರಿಂದ ಮೊಬೈಲು ಕಸಿದುಕೊಂಡು ನೋಡಿದರು. ಯಾರೂ ಹಾಕಿರಲಿಲ್ಲ. ಯಾರೂ ಹಾಕಿಲ್ಲ ಎನ್ನುವುದೂ ಅವರನ್ನು ಕಾಡಿತು: ನನ್ನನ್ನು ಯಾರೂ ನೋಡುತ್ತಲೇ ಇಲ್ಲವಾ? ಮರುದಿನ ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿ ಒಡೆದಿತ್ತು. ಬೈಗುಳವಾದರೂ ಸರಿ, ಜನರ ಕಣ್ಣು ಬೇಕು ಎನ್ನುವ ಹಸಿವು ಅದು. ವೇದಿಕೆಯಲ್ಲಿ ಬದುಕುವವರಲ್ಲಿ ಅದು ಇದ್ದೇ ಇರುತ್ತದೆ, ನಾಚಿಕೆಪಡುವಂಥದ್ದಲ್ಲ. ಅಂದು ಸಂಜೆ ನಾಲ್ಕಕ್ಕೆ ಅವರು ತೋಟದಲ್ಲಿ ಆ ಹಸಿವಿನ ಅರ್ಥವನ್ನೂ ಹೇಳಿದರು.

ಪತ್ತನಾಜೆಯ ನಂತರ ನಾನು ನಿರೀಕ್ಷಿಸದ ಕಷ್ಟ ಬಂತು. ಆಟ ಇಲ್ಲ, ಚಪ್ಪಾಳೆ ಇಲ್ಲ, ಹೊರಗೆ ಮಳೆ. ಜೂನ್ ಎರಡನೇ ವಾರ ಅವರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆರು ತಿಂಗಳು ದಿನಾ ಎತ್ತರಕ್ಕೆ ಏರುತ್ತಿದ್ದ ಮನಸ್ಸಿಗೆ ಸಮತಲವೇ ಗುಂಡಿಯ ಹಾಗೆ ಕಂಡಿತು. ವೈದ್ಯರ ಭೇಟಿಯನ್ನು ಬೇಗ ಮಾಡಿಸಿದೆವು. ಹೆಂಡತಿ ಒಂದು ನಿಯಮ ತಂದರು: ದಿನಾ ಬೆಳಿಗ್ಗೆ ಡೈರಿಗೆ ಹಾಲು ಕೊಂಡುಹೋಗುವುದು ಇವರ ಕೆಲಸ. ಮಳೆಗಾಲದಲ್ಲಿ ಮನೆ ಮನೆಗೆ ಹೋಗುವ ಚಿಕ್ಕಮೇಳಕ್ಕೆ ಸೇರಿಕೊಂಡರು. ದೊಡ್ಡ ಮೇಳದ ಕಲಾವಿದರಿಗೆ ಇದು ಕಡಿಮೆಯಲ್ಲವಾ ಎಂದು ಒಂದಿಬ್ಬರು ಅಂದರಂತೆ. ಮನೆಯ ಚಾವಡಿಯಲ್ಲಿ, ದೀಪದ ಎದುರು, ಆರೇಳು ಜನರಿಗೆ ಕುಣಿಯುವುದರಲ್ಲಿ ಒಂದು ಸುಖ ಇದೆ ಎಂದು ಇವರು ನನಗೆ ಹೇಳಿದರು. "ಮಕ್ಕಳು ಇಷ್ಟು ಹತ್ತಿರ ಕೂತ್ಕೊಳ್ತಾರೆ ಮಾಷ್ಟ್ರೇ, ಗೆಜ್ಜೆ ಮುಟ್ಟಿ ನೋಡ್ತಾರೆ."

ಎರಡನೇ ತಿರುಗಾಟಕ್ಕೆ ಮೊದಲು ಅವರು ದೊಡ್ಡ ನಿರ್ಧಾರ ಮಾಡಿದರು. ಮೇಳದ ಯಜಮಾನರ ಹತ್ತಿರ ಹೋಗಿ, ಪುಂಡುವೇಷ ಕಡಿಮೆ ಮಾಡಿ, ಮಾತು ಹೆಚ್ಚಿರುವ ಪಾತ್ರ ಕೊಡಿ ಎಂದು ಕೇಳಿದರು. ಆ ಒಂದು ಸಾಲಿನ ವಿಡಿಯೋಕ್ಕೆ ಸೋತು ಕೇಳುತ್ತಿದ್ದಾರಾ ಎಂದು ನನಗೆ ಅನುಮಾನ ಬಂದು ನೇರವಾಗಿ ಕೇಳಿದೆ. "ಶಲ್ಯ ಹೇಳಿದ್ದರಲ್ಲಿ ಮಂಡಿಯ ಮಾತು ನಿಜ ಅಂತ ಅವತ್ತೇ ಒಪ್ಪಿದ್ದೇನಲ್ಲ" ಎಂದರು. ಹಾಗಂತ ಸುಲಭ ಇರಲಿಲ್ಲ. ಇನ್ನೊಬ್ಬ ಹುಡುಗ ಮೊದಲ ಸಲ ಅಭಿಮನ್ಯು ಮಾಡಿದ ರಾತ್ರಿ ಇವರು ಚೌಕಿಯ ಪರದೆ ಸರಿಸಿ ನೋಡಿದರು, ಆಮೇಲೆ ಹಿಂದೆ ಹೋಗಿ ಅತ್ತರು. ಅದನ್ನು ತಡೆಯಲಿಲ್ಲ, ಮರೆಸಲಿಲ್ಲ. ಹೋಗುವಂಥದ್ದು ಹೋಗುವಾಗ ಅಳು ಬರುತ್ತದೆ, ಅಲ್ವಾ?

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಸಂಗೀತ, ನಾಟಕ, ಬರವಣಿಗೆಯ ಕೆಲವರು ಈ ಪ್ರಕರಣ ಕೇಳಿ ನನ್ನನ್ನು ಪ್ರಶ್ನಿಸಿದ್ದಾರೆ: ಚಿಂತೆಗೆ ಪಾತ್ರ ಕೊಡುವುದು ನಮಗೂ ಆಗುತ್ತದಾ? ಗೊತ್ತಿರುವ ಕಸುಬಿನೊಳಗಿನ ದಾರಿ ಹುಡುಕಿ ಎನ್ನುತ್ತೇನೆ. ಇವರಿಗೆ ಬಾಯಿ ದಾರಿಯಾಯಿತು. ಕಥೆ ಬರೆಯುವವರಿಗೆ ನೋಟ್‌ಬುಕ್ಕೇ ಸರಿಹೋಗಬಹುದು, ಚಿತ್ರ ಬರೆಯುವವರಿಗೆ ಇದ್ದಿಲು. ನಾನು ಪುಸ್ತಕ ನೋಡಿ ಕೊಟ್ಟ ಮದ್ದು ಅವರ ಬಾಯಿಗೆ ಹಿಡಿಸಲಿಲ್ಲ, ತಪ್ಪು ಮದ್ದಿನದ್ದಲ್ಲ.

ನಾನು ಇನ್ನೂ ಹೆಚ್ಚು ಒತ್ತಿ ಹೇಳುವುದು ಮುಗಿಸುವ ವಿಷಯವನ್ನು. ಮನಸ್ಸನ್ನು ಎತ್ತರಿಸಲು ನಮ್ಮ ಕಲೆಗಳಲ್ಲಿ ಎಷ್ಟೆಲ್ಲ ಏರ್ಪಾಡು ಇದೆ. ಚೌಕಿಯ ಗಣಪತಿ ಪೂಜೆ, ಬಣ್ಣ, ಕಟ್ಟು, ಗೆಜ್ಜೆ, ಚೆಂಡೆಯ ಪೆಟ್ಟು. ಇಳಿಸಲು ಏನಿದೆ ಎಂದು ಯಾರೂ ಕೇಳುವುದಿಲ್ಲ. ಹೊಸ ಹುಡುಗರಿಗೆ ಹೆಜ್ಜೆ ಕಲಿಸುವವರು ಬಣ್ಣ ತೆಗೆಯುವುದನ್ನೂ ಒಂದು ಪಾಠವಾಗಿ ಕಲಿಸಲಿ ಎಂದು ನನ್ನ ಆಸೆ. ಈ ಕಲಾವಿದರು ಈಗ ಭಾನುವಾರ ಹತ್ತು ಮಕ್ಕಳಿಗೆ ಕಲಿಸುತ್ತಾರೆ, ಅದನ್ನು ಶುರು ಮಾಡಿದ್ದಾರೆ.

ಈಗ ಅವರಿಗೆ ಹೆಚ್ಚಿನ ರಾತ್ರಿ ಐದಾರು ತಾಸು ನಿದ್ದೆ ಬರುತ್ತದೆ. ಕುಡಿತ ಮತ್ತೆ ಶುರುವಾಗಿಲ್ಲ. ನಾಲ್ಕು ಗಂಟೆಯ ತೋಟದ ಮಾತು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಒಂದು ವಿಷಯದಲ್ಲಿ ನಮಗಿಬ್ಬರಿಗೂ ಇನ್ನೂ ಒಪ್ಪಿಗೆಯಾಗಿಲ್ಲ. ತನ್ನ ಯಾವ ಆಟದ ವಿಡಿಯೋವನ್ನೂ ಅವರು ಈಗ ನೋಡುವುದಿಲ್ಲ, ಚೆನ್ನಾಗಿ ಆದದ್ದನ್ನೂ. ಕಲಿಯುವುದಕ್ಕಾದರೂ ಗುರುಗಳ ಜೊತೆ ಕೂತು ಒಮ್ಮೆ ನೋಡಿ ಎಂದು ನಾನು ಹೇಳುತ್ತಿದ್ದೇನೆ. "ನೋಡುವ, ಮುಂದಿನ ಪತ್ತನಾಜೆ ಕಳೀಲಿ" ಎನ್ನುತ್ತಾರೆ ಅವರು.